ಎಡಕ್ಕೆ ವಾಲುವ ಚೆಂಡು

ನಮ್ಮ ಮನೆಗೆ ಒಂದು ಪಡಸಾಲೆ, ಒಂದು ಅಡುಗೆಕೋಣೆ, ಹಿತ್ತಿಲಲ್ಲಿ ಒಂದು ಬೇವಿನ ಮರ, ಮತ್ತು ಇವೆಲ್ಲಕ್ಕೂ ಕಾವಲಾಗಿ ಆಯಿ. ಆಯಿ ಎಂದರೆ ನನ್ನ ಅಪ್ಪನ ಅವ್ವ. ಅಡುಗೆಕೋಣೆಯ ಹೊಸ್ತಿಲಿಗೆ ಒಂದು ಕಾಲು ಚಾಚಿ ಇನ್ನೊಂದು ಮಡಚಿ ಅವಳು ಕುಳಿತಳೆಂದರೆ ಒಳಗಿನ ರೊಟ್ಟಿ ಹೊರಗೆ ಬರುವುದೂ ಹೊರಗಿನ ಬೆಕ್ಕು ಒಳಗೆ ಹೋಗುವುದೂ ಸಾಧ್ಯವಿರಲಿಲ್ಲ. ಮುಂಬಯಿಯಿಂದ ತಿರುಗಿ ಬಂದ ನಮ್ಮ ಪರಸಪ್ಪ ಕಾಕಾ ಬಂದ ವಾರದಲ್ಲೇ ಇದನ್ನು ಗಮನಿಸಿ, ಇಂಥ ಗೋಲ್‌ಕೀಪರ್ ತನ್ನ ಗಿರಣಿಯ ಟೀಮಿನಲ್ಲಿ ಇದ್ದಿದ್ದರೆ ತಾನು ಎಷ್ಟೋ ಕಪ್ ಹೆಚ್ಚಿಗೆ ತರುತ್ತಿದ್ದೆ ಎಂದ. ಅಲ್ಲಿಗೆ ನಿಲ್ಲಿಸದೆ ಮನೆಯ ಎಲ್ಲರಿಗೂ ಜಾಗ ಹಂಚಿದ. ಕಿಟಕಿಯ ಬೆಳಕಿನಲ್ಲಿ ಕುಳಿತು ಚಪ್ಪಲಿ ಹೊಲಿಯುವ ಅಪ್ಪ ಸೆಂಟರ್ ಹಾಫ್. ಯಾಕೆಂದರೆ ಮನೆಯ ಆಟವೆಲ್ಲ ಅವನ ಮೂಲಕವೇ ಸಾಗುತ್ತದೆ, ಆದರೆ ಯಾರೂ ಅವನ ಹೆಸರು ಹೇಳುವುದಿಲ್ಲ. ಅವ್ವ ಎರಡೂ ಕಡೆಯ ಬ್ಯಾಕ್. ತೊಟ್ಟಿಲು ಬಿಟ್ಟು ಈಗಷ್ಟೇ ಅಂಬೆಗಾಲಿಡುತ್ತಿದ್ದ ತಮ್ಮ ಮಾರುತಿ ರೆಫರಿ, ಅವನು ಬಾಯಿ ತೆಗೆದರೆ ಎಲ್ಲರೂ ಕೆಲಸ ನಿಲ್ಲಿಸಲೇಬೇಕಿತ್ತು. ನಾನು ಲೆಫ್ಟ್ ಔಟ್.

ಅದರ ಅರ್ಥ ಏನೆಂದು ನಾನು ಕೇಳಿದೆ.

"ಅಂಚಿನಗುಂಟ ಓಡಾಕಿ. ಎಲ್ಲಾರೂ ನಡುವ ಗುದ್ಯಾಡಾಕ ಹತ್ತಿರತಾರ, ನಿನ್ನ ಕಡೆ ಯಾರೂ ನೋಡೂದಿಲ್ಲ. ನೀ ಓಡ್ತಿರಬೇಕು. ಅವರು ತಿರುಗಿ ನೋಡೂದ್ರಾಗ ನೀ ಗೋಲಿನ ಬಾಜೂಕ ಇರಬೇಕು."

"ಮತ್ತ ರೊಟ್ಟಿ ಯಾರು ಬಡೀತಾರ?" ಎಂದಳು ಆಯಿ ಹೊಸ್ತಿಲಿಂದ.

ಕಾಕಾ ಮುಂಬಯಿಗೆ ಹೋಗಿದ್ದು ಆಟಕ್ಕಲ್ಲ. ಅಲ್ಲಿನ ಬಟ್ಟೆ ಗಿರಣಿಯಲ್ಲಿದ್ದ ಸಂಬಂಧಿಕರ ಖೋಲಿಯಲ್ಲಿ, ಅಂದರೆ ಅವರ ಒಂದು ಕೋಣೆಯ ಮನೆಯಲ್ಲಿ, ಉಳಿದು ಏನಾದರೂ ಕೆಲಸ ಕಲಿಯಲಿ ಎಂದು ಅಜ್ಜ ಕಳಿಸಿದ್ದ. ಅವನು ಸಂಜೆ ಬಯಲಿನಲ್ಲಿ ಹುಡುಗರ ಜೊತೆ ಆಡಿದ್ದನ್ನು ಗಿರಣಿಯ ಟೀಮಿನವರು ನೋಡಿ, ಮರುದಿನವೇ ಹಾಜರಿ ಹಚ್ಚಿಕೊಂಡರು. ಹೆಸರಿಗೆ ನೇಯ್ಗೆ ಖಾತೆಯಲ್ಲಿ ಕೆಲಸ. ಮಗ್ಗವನ್ನು ಅವನು ದೂರದಿಂದಲೂ ಸರಿಯಾಗಿ ನೋಡಲಿಲ್ಲ. ಅವನ ಕೆಲಸ ಗೋಲು ಹೊಡೆಯುವುದು. ಗಿರಣಿ ಅದಕ್ಕೇ ಅವನಿಗೆ ಪಗಾರ ಕೊಡುತ್ತಿತ್ತು ಎಂಬುದನ್ನು ಬೈಲಹೊಂಗಲದಲ್ಲಿ ಯಾರೂ ನಂಬುತ್ತಿರಲಿಲ್ಲ, ಆಯಿಯಂತೂ ಮೊದಲೇ ನಂಬುತ್ತಿರಲಿಲ್ಲ. ಆದರೂ ಒಮ್ಮೆ ಮರಾಠಿ ಪೇಪರಿನಲ್ಲಿ ಬಂದ ಚಿತ್ರವನ್ನು ಅವನು ಕಳಿಸಿದಾಗ ಅವಳು ಅದನ್ನು ಗಂಜಿಯಿಂದ ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದಳು. ಚಿತ್ರದಲ್ಲಿ ಎಲ್ಲರೂ ಚೆಂಡಿಗಾಗಿ ಹಾರಿದ್ದರು, ಅಂಚಿನಲ್ಲಿ ಒಂದು ಕಾಲು ಮಾತ್ರ ಕಾಣುತ್ತಿತ್ತು. ಮನೆಗೆ ಬಂದವರಿಗೆಲ್ಲ ಕಪಾಟು ತೆರೆದು, "ಆ ಕಾಲು ನಮ್ಮ ಪರಸ್ಯಾಂದು" ಎಂದು ತೋರಿಸುತ್ತಿದ್ದಳು. ಹೂಲಿಯ ಅವಳ ತವರಿನವರು ಬಂದಾಗ, ಬೆರಳು ನೋಡಿ ಗುರುತು ಹಿಡಿದವರೂ ಇದ್ದರು. ಬೂಟು ಹಾಕಿದ ಕಾಲಿನ ಬೆರಳು ಅವರಿಗೆ ಹೇಗೆ ಕಂಡಿತೋ ದೇವರೇ ಬಲ್ಲ.

ಆ ಕಾಲಿನ ಮೊಣಕಾಲೇ ಕೈಕೊಟ್ಟಿತು. ಯಾರೋ ಮೇಲೆ ಬಿದ್ದರು, ಒಳಗೆ ಏನೋ ಹರಿಯಿತು, ಮುಂದಿನ ಹಂಗಾಮಿಗೆ ಗಿರಣಿಯವರು ಬೇರೆ ಕಾಲು ಹುಡುಕಿಕೊಂಡರು. ಕಾಕಾ ಒಂದು ಟ್ರಂಕು, ಒಂದು ಸೀಟಿ, ಅಡಿಯಲ್ಲಿ ಮೊಳೆಯಿದ್ದ ಒಂದು ಜೊತೆ ಬೂಟು ಹಿಡಿದು ಕುಂಟುತ್ತ ಬಸ್ಸಿಳಿದ. ಆಯಿ ಅತ್ತಳು, ನೀವಾಳಿಸಿದಳು, ಕಾಲಿಗೆ ಔಡಲೆಣ್ಣೆ ತಿಕ್ಕಿದಳು. ಮೂರು ದಿನಕ್ಕೆ ಅಳು ಮುಗಿಯಿತು. ಸತ್ತುಹೋಗಿದ್ದ ಅಜ್ಜನ ಆರಿ, ಅಂದರೆ ತೊಗಲು ಚುಚ್ಚುವ ಮೊನೆ, ಅದನ್ನು ಗೋಡೆಯ ಮಾಡದಿಂದ ತೆಗೆದು ಎಣ್ಣೆ ಹಚ್ಚಿ ಒರೆಸಿ, ಅಪ್ಪನ ಪಕ್ಕದಲ್ಲಿ ಒಂದು ಚಾಪೆ ಹಾಸಿದಳು.

"ಕಾಲ ಹ್ವಾತು. ಕೈ ಅದಾವಲಾ. ಕುಂಡ್ರು."

ನಮ್ಮದು ಸಮಗಾರ ಓಣಿ. ಕಾಲು ಹೋದವನೂ ಕಣ್ಣು ಮಂಜಾದವನೂ ಕೊನೆಗೆ ಆ ಚಾಪೆಗೇ ಬರಬೇಕು, ಅದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಕಾಕಾ ಚಾಪೆಯನ್ನು ನೋಡಿದ ರೀತಿ ನನಗೆ ನೆನಪಿದೆ. ಆಟ ಮುಗಿಯುವ ಮೊದಲೇ ಯಾರೋ ಸೀಟಿ ಊದಿದಂತೆ ನೋಡಿದ.

ಅವನನ್ನು ಆ ಚಾಪೆಯಿಂದ ತಾತ್ಕಾಲಿಕವಾಗಿ ಉಳಿಸಿದವರು ಜಿನ್ನಿಂಗ್ ಸಾವ್ಕಾರ್ರು. ಊರಾಚೆ ಅವರದೊಂದು ಅರಳೆ ಜಿನ್ನಿಂಗ್ ಕಾರಖಾನೆ ಇತ್ತು. ಅವರ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಆ ಬೀಗರು ಒಂದು ಫುಟ್‌ಬಾಲ್ ಟೀಮು ಕಟ್ಟಿ, ಪ್ರತಿ ಬೇಸಿಗೆ ಊರಲ್ಲಿ ಪಂದ್ಯ ಆಡಿಸಿ, ತಾವೇ ಇಟ್ಟ ಬಹುಮಾನದ ಢಾಲನ್ನು ತಾವೇ ಗೆದ್ದು, ಅದನ್ನು ಪಡಸಾಲೆಯಲ್ಲಿ ಬೀಗರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದ್ದರು. ಸಾವ್ಕಾರ್ರಿಗೆ ಅಲ್ಲಿ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುಂಬಯಿ ಆಟಗಾರನೊಬ್ಬ ಬಂದಿದ್ದಾನೆಂದು ಕೇಳಿ ನಮ್ಮ ಓಣಿಗೆ ತಾವೇ ಬಂದರು. ಒಳಗೆ ಬರಲಿಲ್ಲ, ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿ ಕರೆದರು.

"ಪರಸಪ್ಪ, ಒಂದು ಟೀಮ್ ಕಟ್ಟು. ಬೇಸಗಿಗೆ ರಾಮದುರ್ಗದಾಗ ನಮ್ಮ ಬೀಗರನ್ನ ಸೋಲಸು. ಗೆದ್ದು ಬಂದಿ ಅಂದ್ರ ನೀನು ನಮ್ಮ ಕಾರಖಾನಿ ಟೀಮಿನ ಮ್ಯಾನೇಜರ್, ಕಾಯಂ ನೌಕರಿ."

"ಸೋತ್ರ?" ಎಂದು ಆಯಿ ಬಾಗಿಲಿಂದ ಕೇಳಿದಳು.

"ಸೋತ್ರ ನಾನ್ಯಾಕ ಇಟ್ಕೊಳ್ಳಲಬೇ?"

"ಹಂಗಾದ್ರ ಚಾಪಿ ಹಾಸೇ ಇಟ್ಟಿರತೇನಿ" ಎಂದಳು ಆಯಿ. ಇಟ್ಟಳು ಕೂಡ. ಎಣ್ಣೆ ಹಚ್ಚಿದ ಆರಿ ಅದರ ಮೇಲೆಯೇ ಮಲಗಿತ್ತು, ಹಬ್ಬಕ್ಕೆ ಬರುವ ಅಳಿಯನಿಗೆ ಕಾದಂತೆ.

ಮ್ಯಾನೇಜರ್ ಎಂದರೆ ಊರಲ್ಲಿ ಇಬ್ಬರೇ ಗೊತ್ತಿದ್ದರು, ಒಬ್ಬ ಬ್ಯಾಂಕಿನವ, ಒಬ್ಬ ಟಾಕೀಸಿನವ. ಮೂರನೆಯವ ನಮ್ಮ ಮನೆಯಲ್ಲಿ ಹುಟ್ಟಿದ. ಕಾಕಾನ ನಡಿಗೆಯೇ ಬದಲಾಯಿತು. ಕುಂಟುತ್ತಿದ್ದವನು ಈಗ ತೂಕದಿಂದ ಕುಂಟತೊಡಗಿದ. ಆ ಹೊಸ ಬಿಸಿಯಲ್ಲಿ ಅವನು ಮಾಡಿದ ಮೊದಲ ಕೆಲಸವೆಂದರೆ ನನ್ನ ವಿಷಯ ಎತ್ತಿದ್ದು. ನಾನು ಆ ವರ್ಷ ಏಳನೇತ್ತಾ ಪಾಸಾಗಿದ್ದೆ. ನಮ್ಮ ಓಣಿಯ ಹುಡುಗಿಯರಿಗೆ ಏಳನೇತ್ತಾ ಎಂದರೆ ಆಟ ಮುಗಿದಂತೆ, ಮುಂದೆ ಹಂಚು, ರೊಟ್ಟಿ, ಮದುವೆ. ಕಾಕಾ ಯಾರನ್ನೂ ಕೇಳದೆ ಹೋಗಿ ಹೈಸ್ಕೂಲಿನಲ್ಲಿ ನನ್ನ ಹೆಸರು ಹಚ್ಚಿ ಬಂದ. ಮನೆಯಲ್ಲಿ ದೊಡ್ಡ ಜಗಳವಾಯಿತು. ಆಯಿ ಊಟದ ತಾಟು ದೂಡಿದಳು. ದೂಡಿದ ತಾಟಿನಲ್ಲಿ ಜುಣಕ ಇದ್ದದ್ದು ನೋಡಿ ತಿರುಗಿ ಎಳೆದುಕೊಂಡಳು.

"ಆಕಿ ಜಾಗಾ ಲೆಫ್ಟ್ ಔಟ್" ಎಂದ ಕಾಕಾ. "ಗೋಲಿನಾಗ ಕುಂಡರ್ಸಿದ್ರ ಹೆಂಗ? ನಾ ಮ್ಯಾನೇಜರ್ ಅದೇನಿ, ನಾ ಹೇಳಿದಂಗ."

"ನೀ ಇನ್ನೂ ಹಸಿ ಮ್ಯಾನೇಜರ್ ಅದಿ. ಹೆಸರು ಹಚ್ಚಿದ್ದಕ್ಕ ನಾ ಏನೂ ಅನ್ನೂದಿಲ್ಲ. ಹೋಗೂದು ರಾಮದುರ್ಗ ಆದಮ್ಯಾಲ. ಗೆದ್ದು ಬಾ, ನಿನ್ನ ಮಾತು ನಡೀತೈತಿ. ಸೋತು ಚಾಪಿಗಿ ಬಂದಿ ಅಂದ್ರ ಈ ಮನ್ಯಾಗ ನಂದು ನಡೀತೈತಿ."

ಅಪ್ಪ ತಲೆ ಎತ್ತದೆ ಹೊಲಿಯುತ್ತಿದ್ದ. ಸೆಂಟರ್ ಹಾಫ್ ಅಲ್ಲವೇ. ಹೀಗೆ ಹನ್ನೊಂದು ಗಂಡುಹುಡುಗರ ಕಾಲಿಗೆ ನನ್ನ ಸಾಲಿಯನ್ನು ಕಟ್ಟಲಾಯಿತು. ಅವರು ಚೆಂಡು ತಪ್ಪಿಸಿದಾಗಲೆಲ್ಲ ನಾನು ಹಿತ್ತಿಲ ಗೋಡೆಯಾಚೆಯಿಂದ ಬೈಯುತ್ತಿದ್ದೆ.

ಸಾವ್ಕಾರ್ರು ಕೊಡಿಸಿದ ಅಂಗಡಿಯ ಚೆಂಡು ಮೊದಲ ವಾರವೇ ಜಾಲಿಕಂಟಿಗೆ ಬಿದ್ದು ಸತ್ತಿತು. ಒಳಗಿನ ರಬ್ಬರು ಚೀಲಕ್ಕೆ ತೇಪೆ ಹಾಕಬಹುದಿತ್ತು, ಮೇಲಿನ ತೊಗಲು ಚಿಂದಿಯಾಗಿತ್ತು. ಇನ್ನೊಂದು ಕೇಳಲು ಕಾಕಾನಿಗೆ ಅಭಿಮಾನ ಅಡ್ಡ ಬಂತು. ಆಗ ಅಪ್ಪ ಬಾಯಿಬಿಟ್ಟ. "ತೊಗಲ ಅಲ್ಲೇನು ಅದು? ನಾ ಹೊಲೀತೇನಿ ಬಿಡು." ಹೊಲಿದ. ಬಹಳ ಅಚ್ಚುಕಟ್ಟಾಗಿ, ಮದುಮಗನ ಮೆಟ್ಟಿನಂತೆ ಹೊಲಿದ. ಆದರೆ ಚಪ್ಪಲಿಯವನ ಬುದ್ಧಿ ಎಲ್ಲಿ ಹೋಗುತ್ತದೆ. ಚಪ್ಪಲಿಯ ಅಟ್ಟೆಗೆ ದನದ ಬೆನ್ನಿನ ಗಟ್ಟಿ ತೊಗಲು, ಮೇಲಿನ ಪಟ್ಟಿಗೆ ಹೊಟ್ಟೆಯ ಮೆತ್ತನೆಯ ತೊಗಲು, ಇದು ಅವನ ಕೈಗೆ ಕೂತ ರೂಢಿ. ಚೆಂಡಿಗೂ ಅದೇ ಮಾಡಿದ. ಅರ್ಧ ಚೆಂಡು ಬೆನ್ನು, ಅರ್ಧ ಚೆಂಡು ಹೊಟ್ಟೆ. ಗಾಳಿ ತುಂಬಿದಾಗ ನೋಡಲು ದುಂಡಗೆ, ಮಿರಮಿರ ಮಿಂಚುತ್ತ ಚೆಂದವಾಗಿಯೇ ಇತ್ತು. ಒದ್ದಾಗ ಮಾತ್ರ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಏನೋ ನೆನಪಾದಂತೆ ಎಡಕ್ಕೆ ವಾಲುತ್ತಿತ್ತು.

ಮುಂದೆ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದೆ. ನಮ್ಮ ಓಣಿಯಲ್ಲಿ ಗಂಡು ಹೆಣ್ಣು ಸೇರಿಸಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳುವವರು ಸಿಕ್ಕಾಗಲೆಲ್ಲ ಹೇಳುತ್ತೇನೆ. ಭೌತಶಾಸ್ತ್ರದ ಪ್ರಕಾರ ಒಂದು ಮಗ್ಗುಲು ಭಾರವಾದ ಚೆಂಡು ಒಮ್ಮೆ ಎಡಕ್ಕೆ ಹೋದರೆ ಒಮ್ಮೆ ಬಲಕ್ಕೆ ಹೋಗಬೇಕು, ಸದಾ ಎಡಕ್ಕೇ ಹೋಗುವಂತಿಲ್ಲ. ಆದರೆ ನಮ್ಮ ಚೆಂಡು ಬಿ.ಎಸ್ಸಿ. ಮಾಡಿರಲಿಲ್ಲ. ಅದು ಎಡಕ್ಕೇ ಹೋಗುತ್ತಿತ್ತು. ಹುಡುಗರು ನಮ್ಮ ಹಿತ್ತಿಲಿನಾಚೆಯ ಬಯಲಿನಲ್ಲಿ ಆಡುತ್ತಿದ್ದರು, ಚೆಂಡು ದಿನಕ್ಕೆ ಎಷ್ಟೋ ಸಲ ಗೋಡೆ ದಾಟಿ ಬರುತ್ತಿತ್ತು. ಬೇವಿನ ಕೆಳಗೆ ಒಲೆ ಹೂಡಿ ರೊಟ್ಟಿ ಬೇಯಿಸುತ್ತಿದ್ದ ಆಯಿ, ಒದ್ದ ಸದ್ದು ಕೇಳಿದರೆ ಸಾಕು, ತಲೆ ಎತ್ತದೆ ರೊಟ್ಟಿಬುಟ್ಟಿಯನ್ನು ಒಂದು ಮೊಳ ಸರಿಸುತ್ತಿದ್ದಳು. ಬುಟ್ಟಿ ಇದ್ದ ಜಾಗದಲ್ಲೇ ಚೆಂಡು ಬೀಳುತ್ತಿತ್ತು. ಹುಡುಗರೂ ಕಲಿತರು. ಗೋಲಿಗೆ ಹೊಡೆಯಬೇಕೆಂದರೆ ಬಲಗಂಬದ ಹೊರಗೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ ಬಿಟ್ಟು ಅಲ್ಲಿಗೆ ಗುರಿ ಇಡುತ್ತಿದ್ದರು. ಚೆಂಡು ಬಾಗಿ ಬಂದು ಒಳಗೆ ಹೋಗುತ್ತಿತ್ತು. ಆ ಚೆಂಡನ್ನು ಒಮ್ಮೆಯೂ ಒದೆಯದವನೆಂದರೆ ಕಾಕಾ ಒಬ್ಬನೇ. ಮೊಣಕಾಲಿನ ನೋವು, ಮೇಲಾಗಿ ಮ್ಯಾನೇಜರಿಕೆ. ಅವನು ಅಂಚಿನಲ್ಲಿ ನಿಂತು ಸೀಟಿ ಊದುತ್ತಿದ್ದ, ಗೋಲುಗಳು ಬೀಳುತ್ತಿದ್ದವು, ಅವನಿಗೆ ಅಷ್ಟು ಸಾಕಿತ್ತು.

ಅವನ ಒಂದೇ ಕಟ್ಟುನಿಟ್ಟು ಊಟದ್ದು. ಮುಂಬಯಿಯಲ್ಲಿ ಆಟದ ನಂತರ ಇಡೀ ಟೀಮು ಮ್ಯಾನೇಜರನ ಮನೆಯಲ್ಲಿ ಒಟ್ಟಿಗೆ ಕುಳಿತು ಉಣ್ಣುತ್ತಿತ್ತಂತೆ, ಇಲ್ಲೂ ಹಾಗೇ ಆಗಬೇಕು. ಬೆಳಗಿನ ಆಟ ಮುಗಿಸಿ ಎಲ್ಲರೂ ನಮ್ಮ ಹಿತ್ತಿಲಿಗೆ ಬರಬೇಕು, ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಅರ್ಧ ಹುಡುಗರು ನಮ್ಮ ಓಣಿಯವರು, ಅವರು ಕೂರದೆಯೇ ಉಣ್ಣಲು ಸುರುಮಾಡುತ್ತಿದ್ದರು. ಬೇರೆ ಓಣಿಯವರು ಮೊದಲು ಗೋಡೆಗೆ ಒರಗಿ ನಿಂತರು, ಆಮೇಲೆ ಹಸಿವು ಗೋಡೆಯನ್ನು ಬಿಡಿಸಿತು. ಒಬ್ಬ ತನ್ನ ಅವ್ವನಿಗೆ ಹೇಳಬಾರದೆಂದು ಆಯಿಯಿಂದ ಆಣೆ ತೆಗೆದುಕೊಂಡು ಎಲ್ಲರಿಗಿಂತ ಹೆಚ್ಚು ಉಂಡ. ಕಡೆಗೆ ಉಳಿದವನು ಈರಣ್ಣ ಒಬ್ಬನೇ. ಪೇಟೆ ಕಡೆಯ ಒಕ್ಕಲುತನದ ಮನೆಯವನು, ಎತ್ತರದ ಆಳು, ಟೀಮಿನ ಸೆಂಟರ್ ಫಾರ್ವರ್ಡ್, ಗೋಲುಗಳೆಲ್ಲ ಅವನವೇ. ಉಣ್ಣುವುದಿಲ್ಲ ಎಂದು ಅವನು ಒಮ್ಮೆಯೂ ಹೇಳಲಿಲ್ಲ, ಅಷ್ಟು ಸಂಭಾವಿತ. ಉಪವಾಸ ಎನ್ನುತ್ತಿದ್ದ. ಸೋಮವಾರ ಬಸವಣ್ಣಂದು, ಮಂಗಳವಾರ ಶುಕ್ರವಾರ ಸವದತ್ತಿ ಎಲ್ಲವ್ವಂದು, ಗುರುವಾರ ಮಠದ್ದು, ಶನಿವಾರ ಹಣಮಪ್ಪಂದು, ರವಿವಾರ ಆಟಕ್ಕೇ ಸೂಟಿ. ಬುಧವಾರ ಬಂದಾಗ ನಾವೆಲ್ಲ ಕಿವಿ ನಿಮಿರಿಸಿಕೊಂಡು ಕುಳಿತೆವು.

"ಇವತ್ತ ಯಾರದೋ ಈರಣ್ಣ?" ಎಂದಳು ಆಯಿ.

ಅವನು ನೆಲ ನೋಡಿದ. "ನಮ್ಮ ಎತ್ತಿಗೆ ಜಡ್ಡಾಗೈತ್ರಿ ಆಯಿ. ಅದರ ಹೆಸರಲೆ ಹಿಡದೇನಿ."

"ಮುಂದಿನ ಬುಧವಾರ ಎಮ್ಮಿ ಹೆಸರಲೆ ಹಿಡೀತಿಯೇನು? ಹಿಂಗಾದ್ರ ನೀ ರಾಮದುರ್ಗಕ್ಕ ಹೋಗೂದಕ್ಕಿಂತ ಮೊದಲ ಕೈಲಾಸಕ್ಕ ಹೋಗ್ತಿ ನೋಡು."

ಎಲ್ಲರೂ ನಕ್ಕರು, ಈರಣ್ಣನೂ ನಕ್ಕ, ಕಾಕಾನೂ ನಕ್ಕ. ಆದರೆ ಕಾಕಾ ತನ್ನ ತಾಟಿನ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದ. ಉಣ್ಣದವನು ಆಡುವಂತಿಲ್ಲ ಎಂದು ನಿಯಮ ಮಾಡಿದವನು ಅವನೇ. ಆ ನಿಯಮ ಈರಣ್ಣನ ಮುಂದೆ ಬಂದಾಗ ಅವನೇ ನುಂಗಿಕೊಂಡ. ಗೋಲು ಬೇಕಿತ್ತು, ಏನು ಮಾಡುತ್ತಾನೆ.

ರಾಮದುರ್ಗಕ್ಕೆ ಮೊದಲು ಕಿತ್ತೂರಿನಲ್ಲಿ ಒಂದು ತಾಲೀಮಿನ ಆಟ ಆಯಿತು. ಆ ಊರಿನವರ ಹತ್ತಿರ ಚೆಂಡಿರಲಿಲ್ಲ, ನಮ್ಮ ಹುಡುಗರು ಮನೆಯ ಚೆಂಡನ್ನೇ ಒಯ್ದರು. ಕಿತ್ತೂರಿನ ಹುಡುಗರು ಚೆಂಡು ಹೋಗುವ ಕಡೆ ಓಡಿದರು, ಚೆಂಡು ಇನ್ನೊಂದು ಕಡೆ ಹೋಯಿತು. ಅವರ ಗೋಲ್‌ಕೀಪರ್ ಕೊನೆಗೆ ಹಾರುವುದನ್ನು ಬಿಟ್ಟು ಕಂಬ ಹಿಡಿದು ನಿಂತುಬಿಟ್ಟನಂತೆ. ಬೈಲಹೊಂಗಲದ ಹುಡುಗರು ಗೋಲು ಎಣಿಸುವುದನ್ನು ಮರೆತು ಹಾಡುತ್ತ ಬಂದರು. ಸಾವ್ಕಾರ್ರು ಪೇಢೆ ಹಂಚಿದರು. ಕಾಕಾ ನನ್ನನ್ನು ಕರೆದು ಹೈಸ್ಕೂಲಿಗೆ ಯಾವ ಬಣ್ಣದ ಲಂಗ ಎಂದು ಕೇಳಿದ. ನೀಲಿ ಎಂದೆ. ಆಯಿ ಕೇಳಿಸಿಕೊಂಡೂ ಸುಮ್ಮನಿದ್ದಳು, ಅದೇ ದೊಡ್ಡ ಗೆಲುವು.

ರಾಮದುರ್ಗದ ಪಂದ್ಯ ಒಂದು ರವಿವಾರ, ಸಾಲಿ ಸುರುವಾಗುವ ಹಿಂದಿನ ದಿನ. ಪರ ಊರಿನ ಅಂಗಡಿ ತಿಂಡಿ ತಿಂದು ಹುಡುಗರ ಹೊಟ್ಟೆ ಕೆಟ್ಟೀತೆಂದು ಆಯಿ ರೊಟ್ಟಿಗಂಟು ಕಟ್ಟಿ ತಾನೂ ಹೊರಟಳು. ಗಂಟು ಹೊರಲು ನಾನು. ಅಪ್ಪ ಮನೆಯ ಚೆಂಡಿಗೆ ಎಣ್ಣೆ ಸವರಿ ಅದನ್ನೂ ನನ್ನ ತಲೆಯ ಮೇಲೇ ಹೊರಿಸಿದ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಆಯಿ ಎಲ್ಲವ್ವನ ಗುಡ್ಡದ ಕಡೆ ಕೈಮುಗಿದು ಏನೋ ಬೇಡಿಕೊಂಡಳು. ಯಾರು ಗೆಲ್ಲಲಿ ಎಂದು ಬೇಡಿದೆ ಎಂದು ಕೇಳಿದೆ. "ಯಾರಿಗೂ ಕಾಲ ಮುರೀಬಾರದು ಅಂತ" ಎಂದಳು. ಆ ಬಸ್ಸಿನಲ್ಲಿ ನಾನು ಅವಳನ್ನು ಮೊದಲ ಸಲ ಸ್ವಲ್ಪ ಮೆಚ್ಚಿದೆ.

ಹೊಳೆಯ ಕಡೆಯ ಬಯಲು. ಒಂದು ಬದಿಗೆ ಕುರ್ಚಿಗಳು, ಕುರ್ಚಿಗಳಲ್ಲಿ ಇಬ್ಬರು ಬೀಗರೂ ಅವರ ಬಳಗವೂ. ನಾವು ಗೋಲಿನ ಹಿಂದಿನ ಜಾಲಿಮರದ ನೆರಳಿನಲ್ಲಿ ಕುಳಿತೆವು. ರಾಮದುರ್ಗದವರು ಅಂಗಡಿಯ ಹೊಸ ಚೆಂಡು ತಂದರು, ಮೊಸರಿನಂತೆ ಬೆಳ್ಳಗೆ, ನಿಂಬೆಯಂತೆ ದುಂಡಗೆ. ಅದನ್ನು ನೋಡಿಯೂ ಕಾಕಾನಿಗೆ ಏನೂ ಹೊಳೆಯಲಿಲ್ಲ. ಅವನ ಪ್ರಕಾರ ಚೆಂಡು ಎಂದರೆ ಚೆಂಡು. ಸೀಟಿ ಆಯಿತು. ಈರಣ್ಣ ಚೆಂಡು ಹಿಡಿದು ನಾಲ್ಕು ಜನರನ್ನು ದಾಟಿ ಬಂದ, ರೂಢಿಯಂತೆ ಬಲಗಂಬದ ಹೊರಗೆ ಎಮ್ಮೆಯಷ್ಟು ಜಾಗ ಬಿಟ್ಟು ಒದ್ದ. ಚೆಂಡು ಅವನು ನೋಡಿದ ಕಡೆಗೇ ಹೋಯಿತು. ಅಲ್ಲಿ ನಿಜವಾಗಿಯೂ ಒಂದು ಎಮ್ಮೆ ನಿಂತಿತ್ತು. ಎರಡನೆಯದು ಚಹಾದ ಕಿಟಲಿಗೆ ಬಡಿಯಿತು. ಮೂರನೆಯದು ಕುರ್ಚಿಗಳ ನಡುವೆ ನಮ್ಮ ಸಾವ್ಕಾರ್ರ ಬೀಗಿತ್ತಿಯ ಮಡಿಲಿಗೆ ಬಿತ್ತು. ರಾಮದುರ್ಗದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೈಲಹೊಂಗಲದಾಗ ಗೋಲ್ ಕಂಬ ಕುರ್ಚಿ ಬಾಜೂಕ ಹುಗದಿರತಾರೇನ್ರಿ?"

ಈ ನಡುವೆ ಅವರು ನೆಟ್ಟಗೆ ಹೊಡೆದು ಎರಡು ಗೋಲು ಮಾಡಿದರು. ಅರ್ಧ ಆಟಕ್ಕೆ ಹುಡುಗರು ತಲೆ ತಗ್ಗಿಸಿ ಬಂದರು. ಕಾಕಾ ಬೆವರುತ್ತಿದ್ದ. "ಏನಾಗೇತ್ರೋ ನಿಮಗ? ಎಲ್ಲಾರೂ ಯಾಕ ಬಲಕ್ಕ ಹೊಡ್ಯಾಕ ಹತ್ತೀರಿ?"

"ಮ್ಯಾನೇಜರ್ರ, ಈ ಚೆಂಡು ವಾಲವಲ್ದರಿ" ಎಂದ ಈರಣ್ಣ.

"ಚೆಂಡ್ಯಾಕ ವಾಲಬೇಕು?"

ಆಗ ಅವರು ಹೇಳಿದರು. ಇಡೀ ಬೇಸಿಗೆ ಅಂಚಿನಲ್ಲಿ ನಿಂತು ನೋಡಿದ್ದ ಮುಂಬಯಿ ಸ್ಟ್ರೈಕರ್ ಬಾಯಿ ತೆರೆದು ನಿಂತ. ಒಂದು ಕ್ಷಣ ನನ್ನ ಕಡೆ ನೋಡಿದ, ನನ್ನ ನೀಲಿ ಲಂಗ ಅವನ ಕಣ್ಣೆದುರು ಹಾದುಹೋಯಿತೆಂದು ಈಗಲೂ ನಂಬಿದ್ದೇನೆ. ಆಮೇಲೆ ಸುಧಾರಿಸಿಕೊಂಡು ಹೇಳಿದ: "ಮನಿ ಚೆಂಡು ಮರೀರಿ. ಎಲ್ಲಿ ನೋಡ್ತೀರಿ ಅಲ್ಲೇ ಹೊಡೀರಿ. ನೆಟ್ಟಗ. ಎಲ್ಲಾರೂ ಅನ್ರಿ, ನೆಟ್ಟಗ." ಎಲ್ಲರೂ ಮಗ್ಗಿ ಒಪ್ಪಿಸುವಂತೆ ನೆಟ್ಟಗ, ನೆಟ್ಟಗ ಎನ್ನುತ್ತ ತಿರುಗಿ ಹೋದರು. ಆಗಲೇ ಈರಣ್ಣ ನೆಟ್ಟಗೆ ಹೊಡೆದು ಒಂದು ಗೋಲು ಇಳಿಸಿದ. ನಾನು ರೊಟ್ಟಿಗಂಟಿನ ಮೇಲೆ ಹತ್ತಿ ನಿಂತು ಕುಣಿದೆ. ಅಷ್ಟರಲ್ಲಿ ರಾಮದುರ್ಗದವನೊಬ್ಬ ಬೀಸಿ ಒದ್ದ ಬಿಳಿ ಚೆಂಡು ನಮ್ಮ ತಲೆಯ ಮೇಲಿನ ಜಾಲಿಗೆ ಸಿಕ್ಕಿ ಬುಸ್ಸೆಂದು ಉಸಿರು ಬಿಟ್ಟಿತು. ಅವರ ಹತ್ತಿರ ಇನ್ನೊಂದು ಇರಲಿಲ್ಲ. ಸೀಟಿ ಹಿಡಿದಿದ್ದ ಮಾಸ್ತರರು ನನ್ನ ಪಕ್ಕದಲ್ಲಿದ್ದ ನಮ್ಮ ಚೆಂಡನ್ನು ಎತ್ತಿ, ತಿರುಗಿಸಿ ನೋಡಿ, ದುಂಡಗಿದೆ ಸಾಕು ಎಂದು ಮೈದಾನಕ್ಕೆ ಒಯ್ದರು.

ಈಗ ನೆಟ್ಟಗೆ ಹೊಡೆಯಲು ಕಲಿತ ಹುಡುಗರು ನೆಟ್ಟಗೆ ಹೊಡೆದರು, ಚೆಂಡು ಎಡಕ್ಕೆ ಹೋಯಿತು. ಮತ್ತೆ ಹೊಡೆದರು, ಮತ್ತೆ ಎಡಕ್ಕೆ. ಕಾಕಾ ಅಂಚಿನಲ್ಲಿ ಇನ್ನೂ "ನೆಟ್ಟಗ" ಎನ್ನುತ್ತಿದ್ದ, ಚೆಂಡು ಬದಲಾದದ್ದು ಅವನ ತಲೆಗೆ ಹೋಗಿರಲಿಲ್ಲ. ಆಗ ನನ್ನ ಪಕ್ಕದಿಂದ ಸೆರಗು ಬಿಗಿದು ಆಯಿ ಎದ್ದಳು. ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸುವ ಅವಳ ಗಂಟಲು ಹೊಳೆ ದಾಟಿ ಹೋಯಿತು.

"ಏ ಮೂಳಗೋಳಿರಾ, ನಮ್ಮನಿ ಚೆಂಡ ಐತಿ ಅದು. ಬಲಕ್ಕ ನೋಡಿ ಹೊಡೀರೋ."

ಈರಣ್ಣ ಕೇಳಿಸಿಕೊಂಡ. ಬಲಕ್ಕೆ, ಅಷ್ಟರಲ್ಲಿ ಮೇಯುತ್ತ ಆ ತುದಿಗೆ ಹೋಗಿದ್ದ ಎಮ್ಮೆಯ ಕಡೆ ನೋಡಿ ಒದ್ದ. ಎಮ್ಮೆ ಅನುಭವಸ್ಥೆ, ಸರಿದು ನಿಂತಿತು. ಚೆಂಡು ಅರ್ಧ ದಾರಿಯಲ್ಲಿ ಬಾಗಿ, ಹಾರಿದ ಗೋಲ್‌ಕೀಪರನ ಬೆನ್ನಹಿಂದೆ ಒಳಗೆ ಹೋಯಿತು. ಎರಡಕ್ಕೆ ಎರಡು. ನಮ್ಮ ಸಾವ್ಕಾರ್ರು ಕುರ್ಚಿಯ ಮೇಲೆ ಹತ್ತಿದರು. ಇನ್ನೊಂದು ಬಿದ್ದರೆ ಸಾಕಿತ್ತು, ಬೀಳುವುದೂ ಖಾತ್ರಿಯಿತ್ತು, ಯಾಕೆಂದರೆ ರಾಮದುರ್ಗದವರು ಆಗಲೇ ಕಿತ್ತೂರಿನವರಂತೆ ಗಾಳಿಯಲ್ಲಿ ಒದೆಯತೊಡಗಿದ್ದರು. ಆಗ ನಮ್ಮ ಬ್ಯಾಕ್ ಹುಡುಗನೊಬ್ಬನ ಪಾದ ಉಳುಕಿತು. ಹೆಚ್ಚಿನ ಆಟಗಾರನಿರಲಿಲ್ಲ. ಕಾಕಾ ಜೊತೆಗೆ ತಂದಿದ್ದ ತನ್ನ ಮುಂಬಯಿಯ ಬೂಟು ಏರಿಸಿಕೊಂಡು ತಾನೇ ಇಳಿದ. ಓಡಲಾಗುವುದಿಲ್ಲ, ನಮ್ಮ ಗೋಲಿನ ಮುಂದೆ ಸುಮ್ಮನೆ ನಿಂತಿರುವುದು ಅಷ್ಟೆ. ಚೆಂಡು ಉರುಳಿ ಅವನ ಕಡೆಗೇ ಬಂತು. ಸುತ್ತ ಯಾರೂ ಇರಲಿಲ್ಲ. ಅವನು ಅದನ್ನು ಚೆಂದವಾಗಿ ತಡೆದು, ಮುಂಬಯಿಯಲ್ಲಿ ಎಷ್ಟು ಸಲ ಮಾಡಿದ್ದನೋ ಹಾಗೆ, ಹಿಂದೆ ನಿಂತ ನಮ್ಮ ಗೋಲ್‌ಕೀಪರನಿಗೆ ಮೆಲ್ಲಗೆ, ನೆಟ್ಟಗೆ ತಳ್ಳಿದ. ಅವನು ಆ ಚೆಂಡನ್ನು ಒದ್ದದ್ದು ಅದೇ ಮೊದಲು. ಹುಡುಗ ಕೈ ಚಾಚಿ ಕಾದ. ಚೆಂಡು ಅವನ ಹತ್ತಿರಕ್ಕೆ ಬಂದು, ಏನೋ ನೆನಪಾದಂತೆ ಎಡಕ್ಕೆ ವಾಲಿ, ನಮ್ಮದೇ ಗೋಲಿನೊಳಗೆ ಹೋಗಿ ಆಯಿಯ ಕಾಲ ಬಳಿ ನಿಂತಿತು.

ಅಲ್ಲಿಗೆ ಆಟ ಮುಗಿಯಿತು. ಸಾವ್ಕಾರ್ರು ಕುರ್ಚಿಯಿಂದಿಳಿದು, ಜೀಪಿನಲ್ಲಿ ಕುಳಿತು, ಕಾಕಾನನ್ನು ಕರೆದು ಒಂದೇ ಮಾತು ಹೇಳಿದರು. "ನಾಳಿಯಿಂದ ಬರಬ್ಯಾಡ."

ತಿರುಗಿ ಬಸ್ಸು ಹತ್ತಿದೆವು. ಸವದತ್ತಿ ದಾಟಿದ ಮೇಲೆ 'ಆಯಿ ಈಗ ಬೈಯುತ್ತಾಳೆ' ಎಂದು ನಾನು ಕಾದೆ. ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು:

"ಬೊಂಬಾಯ್ದಾಗ ಅಷ್ಟ ಗೋಲ್ ಹೊಡದಿ ಅಂತಾರ. ನಾ ಒಂದೂ ನೋಡಿರಲಿಲ್ಲ. ಇವತ್ತ ನೋಡಿದೆ."

ಕಾಕಾ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಂದು ನಾನು ಹೆದರಿದೆ, ನೋಡಿದರೆ ನಗುತ್ತಿದ್ದ, ಆಮೇಲೆ ಅದು ಯಾವುದೆಂದು ಅವನಿಗೂ ತಿಳಿಯಲಿಲ್ಲ.

ಮರುದಿನ ಸೋಮವಾರ. ಬೆಳಗಾಗುತ್ತಲೇ ಕಾಕಾ ಯಾರೂ ಹೇಳದೆಯೇ ಹೋಗಿ ಚಾಪೆಯ ಮೇಲೆ ಕುಳಿತು ಅಜ್ಜನ ಆರಿಯನ್ನು ಕೈಗೆತ್ತಿಕೊಂಡ. ಅಪ್ಪ ಒಂದು ತುಂಡು ತೊಗಲು ಅವನ ಕಡೆ ಸರಿಸಿದ. ನಾನೂ ಯಾರೂ ಹೇಳದೆಯೇ ಹಿತ್ತಿಲಿಗೆ ಹೋಗಿ ಹಿಟ್ಟು ನಾದಲು ಕುಳಿತೆ. ಊರಾಚೆ ಹೈಸ್ಕೂಲಿನ ಮೊದಲ ಗಂಟೆ ಕೇಳಿಸಿತು. ಹಿಟ್ಟು ಅಂಟುತ್ತಿತ್ತು, ನನ್ನ ಕಣ್ಣೀರೂ ಅದರಲ್ಲಿ ಬಿದ್ದಿರಬೇಕು. ಅವತ್ತು ಯಾರೂ ಉಪ್ಪು ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗರು ಬಂದರು. ನಮ್ಮ ಓಣಿಯವರು ಬಂದರು, ಬೇರೆ ಓಣಿಯವರೂ ಬಂದರು, ಪಾದ ಉಳುಕಿದವನನ್ನು ಹೊತ್ತು ತಂದರು. ಪಡಸಾಲೆಯಲ್ಲಿ ಕಾಕಾನ ಚಾಪೆಯ ಸುತ್ತ ಕುಕ್ಕರಗಾಲಲ್ಲಿ ಕುಳಿತರು.

"ಸಾವ್ಕಾರ್ರು ತಗದಾರ ನನ್ನ. ನಾ ನಿಮ್ಮ ಮ್ಯಾನೇಜರ್ ಅಲ್ಲ ಈಗ" ಎಂದ ಕಾಕಾ.

"ಅವರು ತಗದಾರ, ನಾವು ಎಲ್ಲಿ ತಗದೇವ್ರಿ?" ಎಂದ ಈರಣ್ಣ. "ಇವತ್ತ ಆಟ ಎಷ್ಟೊತ್ತಿಗ್ರಿ ಮ್ಯಾನೇಜರ್ರ?" ಹಾಗೆಂದವನು ಎದ್ದು ಹಿತ್ತಿಲಿಗೆ ಬಂದು, ಆಯಿಯ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇವತ್ತ ಸೋಮವಾರ. ಬಸವಣ್ಣಂದು."

"ಸೋತವರಿಗೆ ಯಾವ ವಾರರಿ ಆಯಿ. ಹಸದೇನಿ, ಹಾಕ್ರಿ."

ಆಯಿ ಬಿಸಿ ರೊಟ್ಟಿ ಎತ್ತಿ ಅವನ ಕೈಗೆ ಹಾಕಿದಳು. ಹಿಂಡಿ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ, ಅವಳು ಇನ್ನೊಂದು ಹಾಕಿದಳು. ಆಮೇಲೆ ಬಹಳ ಹೊತ್ತು ಪಡಸಾಲೆಯ ಕಡೆ ನೋಡಿದಳು. ಅಲ್ಲಿ ಕಾಕಾ ಆರಿ ಹಿಡಿದ ಕೈಯಿಂದಲೇ ನೆಲದ ಮೇಲೆ ಮೈದಾನದ ಗೆರೆ ಎಳೆದು, ಚಪ್ಪಲಿಯ ಮೊಳೆಗಳನ್ನು ಆಟಗಾರರಂತೆ ನಿಲ್ಲಿಸಿ ಏನೋ ವಿವರಿಸುತ್ತಿದ್ದ. ಮುಂದೆ ಎಷ್ಟೋ ವರ್ಷ ಅವನು ಹಾಗೇ, ಅದೇ ಚಾಪೆಯ ಮೇಲಿಂದಲೇ, ಪಗಾರವಿಲ್ಲದ ಮ್ಯಾನೇಜರಿಕೆ ಮಾಡಿದ. ಹುಡುಗರು ಬದಲಾದರು, ಚಾಪೆಗಳು ಬದಲಾದವು. ಆಯಿಗೆ ಅದೆಲ್ಲ ಆಗಲೇ ಕಂಡಿತೇನೋ. ತಿರುಗಿ ನನ್ನ ಹಿಟ್ಟಿನ ಕೈ ನೋಡಿದಳು.

"ನೀ ಯಾಕ ಇಲ್ಲಿ ಕುಂತಿ?"

ನಾನು ಹಿಟ್ಟಿನ ಉಂಡೆ ತೋರಿಸಿದೆ. ಅವಳು ಕೂಗಿ ಕೇಳಿದಳು, "ಪರಸ್ಯಾ, ಈಕಿ ಜಾಗಾ ಯಾವುದಂದಿ?"

ಕಾಕಾ ಮೊಳೆಗಳಿಂದ ತಲೆ ಎತ್ತಿದ. "ಲೆಫ್ಟ್ ಔಟ್" ಎಂದ, ಹೆದರಿ ಹೆದರಿ.

"ಮ್ಯಾನೇಜರ್ ಹೇಳಿದ್ದು ಕೇಳಿಸ್ತಿಲ್ಲೋ? ಏಳು. ಕೈ ತೊಳಕೋ."

ಲಂಗ ಇನ್ನೂ ಹೊಲಿಸಿರಲಿಲ್ಲ, ಇದ್ದ ಹಸಿರು ಲಂಗದಲ್ಲೇ ಹೊರಟೆ. ಅಷ್ಟರಲ್ಲಿ ಒಲೆ ಬಿಟ್ಟು ತನ್ನ ಹೊಸ್ತಿಲಿಗೆ ಬಂದು ಕುಳಿತಿದ್ದ ಆಯಿ ಚಾಚಿದ ಕಾಲನ್ನು ಮಡಚಿ ದಾರಿ ಬಿಟ್ಟಳು. ಆ ಹೊಸ್ತಿಲಿನಲ್ಲಿ ಅವಳು ಯಾರಿಗೂ ಹಾಗೆ ಕಾಲು ಮಡಚಿದ್ದನ್ನು ನಾನು ಕಂಡಿರಲಿಲ್ಲ. ಓಣಿಯ ತುದಿ ಮುಟ್ಟಿದ್ದೆ, ಓಡುತ್ತಿದ್ದೆ, ಆಗ ಹಿಂದಿನಿಂದ ಹೊಳೆ ದಾಟುವ ಆ ಗಂಟಲು ಕೇಳಿಸಿತು.

"ಏ ಕಸ್ತೂರಿ, ನೀನೂ ನಮ್ಮನಿ ಚೆಂಡ ಅದಿ. ಎಡಕ್ಕ ವಾಲತಿ. ಸ್ವಲ್ಪ ಬಲಕ್ಕ ನೋಡಿ ಹೋಗು."